ಕಿಟಕಿ ಬಿದ್ದ ಮೇಲೆ ಗೋಜೊದಲ್ಲಿ ಏನಿದೆ?

ಎಲ್ರಿಗೂ ನಮಸ್ಕಾರ. ಇವತ್ತು ಗೋಜೊ ಅನ್ನೋ ಪುಟ್ಟ ದ್ವೀಪದ ಸುದ್ದಿ. ಮೆಡಿಟರೇನಿಯನ್ ಸಮುದ್ರದಲ್ಲಿ ಮಾಲ್ಟಾ ದೇಶಕ್ಕೆ ಸೇರಿದ್ದು, ಸುಮಾರು 67 ಚದರ ಕಿಲೋಮೀಟರ್ ಅಷ್ಟೇ. ಅಲ್ಲಿನ ಅಜೂರ್ ವಿಂಡೋ ಫೋಟೋ ನೀವು ಎಲ್ಲಾದ್ರೂ ನೋಡಿರ್ತೀರ, ದೊಡ್ಡ ಕಲ್ಲಿನ ಕಮಾನು, ಕೆಳಗೆ ನೀಲಿ ನೀರು. ಅದು ಈಗಿಲ್ಲ. 2017ರ ಮಾರ್ಚ್ 8ರ ಬೆಳಿಗ್ಗೆ ಬಿರುಗಾಳಿ ಹೊಡೆತಕ್ಕೆ ಪೂರ್ತಿ ಕುಸೀತು, ಕಂಬಾನೂ ಉಳೀಲಿಲ್ಲ. ಕೊರೆದು ಕೊರೆದು ಕಿಟಕಿ ಮಾಡಿದ್ದೂ ಅಲೆಗಳೇ, ಕೆಡವಿದ್ದೂ ಅವೇ. ಮೇಲೆ ನಡೆದ್ರೆ 1500 ಯೂರೋ ದಂಡ ಅಂತ ಅದು ಬೀಳೋಕೆ ಕೆಲವೇ ತಿಂಗಳ ಮುಂಚೆ ರೂಲ್ ಮಾಡಿದ್ರು, ಅಲೆಗೆ ದಂಡ ಹಾಕೋರ್ಯಾರು!

ಇನ್ನೇನಿದೆ ಅಲ್ಲಿ ಅಂತ ಕೇಳ್ತಾರೆ. ನನ್ನ ಕೇಳಿದ್ರೆ ಕಿಟಕಿಗಿಂತ ಮಜವಾದ್ದು ಪಕ್ಕದಲ್ಲೇ ಇದೆ. ದ್ವೇಯ್ರ ಕೊಲ್ಲಿಯ ಬಾಯಲ್ಲಿ ಫಂಗಸ್ ರಾಕ್ ಅಂತ ಒಂದು ಒಂಟಿ ಬಂಡೆ, ಸುಮಾರು 60 ಮೀಟರ್ ಎತ್ತರ. ಅದರ ನೆತ್ತಿ ಮೇಲೆ ಗಾಢ ಕೆಂಪು ಬಣ್ಣದ ಒಂದು ಗಿಡ ಬೆಳೀತಿತ್ತು, ಬೇರೆ ಗಿಡದ ಬೇರಿನ ಮೇಲೆ ಬದುಕೋ ಪರಾವಲಂಬಿ ಅದು, ನಿಜಕ್ಕೂ ಫಂಗಸ್ ಅಲ್ವೇ ಅಲ್ಲ. ರಕ್ತದ ಬಣ್ಣ ಇದೆ, ಹಾಗಾಗಿ ರಕ್ತಸ್ರಾವ ನಿಲ್ಸುತ್ತೆ ಅಂತ ಆಗಿನವರ ಲೆಕ್ಕ. ಆಗ ಮಾಲ್ಟಾ ಆಳ್ತಿದ್ದ ನೈಟ್‌ಗಳು, ಅಂದ್ರೆ ಕ್ರೈಸ್ತ ಯೋಧರ ಒಂದು ಪಂಗಡ, ಇದನ್ನ ಯುರೋಪಿನ ರಾಜರಿಗೆ ಗಿಫ್ಟ್ ಕಳಿಸ್ತಿದ್ರು. 1746ರಲ್ಲಿ ಅವರ ಮುಖ್ಯಸ್ಥ, ಗ್ರ್ಯಾಂಡ್ ಮಾಸ್ಟರ್ ಪಿಂಟೊ, ಬಂಡೆ ಹತ್ತೋದನ್ನೇ ನಿಷೇಧ ಮಾಡಿದ, ಕಾವಲು ಹಾಕಿದ್ರು, ಕಳ್ಳರು ಹತ್ತಬಾರ್ದು ಅಂತ ಪಕ್ಕಗಳನ್ನ ಕೆತ್ತಿ ನುಣುಪು ಮಾಡಿದ್ರಂತೆ, ಗಿಡ ಕೀಳೋಕೆ ಹೋಗೋರಿಗೆ ಮಾತ್ರ ದಡದಿಂದ ಹಗ್ಗ ಕಟ್ಟಿ ಬುಟ್ಟಿ ತರದ್ದು ಒಂದು ಇತ್ತು, ಕೆಳಗೆ ಸಮುದ್ರ, ಅದ್ರಲ್ಲಿ ಕೂತವನ ಎದೆ ಹೇಗೆ ಹೊಡ್ಕೊಂಡಿರಬೇಕು ಹೇಳಿ. ಇಷ್ಟೆಲ್ಲ ಮಾಡಿದ ಔಷಧಿ ನಿಜವಾಗ್ಲೂ ಕೆಲಸ ಮಾಡ್ತಿತ್ತಾ ಅಂದ್ರೆ, ನಾನಂತೂ ಬೆಟ್ ಕಟ್ಟಲ್ಲ.

ದ್ವೀಪದ ಒಳಗಡೆ ಶಾರಾ ಊರಲ್ಲಿ ಜ್ಗಂತಿಯ ದೇವಾಲಯಗಳಿವೆ, ಕ್ರಿಸ್ತಪೂರ್ವ 3600ರ ಹೊತ್ತಿಂದು, ಈಜಿಪ್ಟಿನ ಪಿರಮಿಡ್‌ಗಳಿಗಿಂತ ಹಳೇದು. 1980ರಲ್ಲೇ ಯುನೆಸ್ಕೊ ಪಟ್ಟಿಗೆ ಬಂತು. ಒಬ್ಬ ರಾಕ್ಷಸಿ ಅವರೆ ಜಾತಿಯ ಕಾಳು, ಜೇನು ತಿನ್ಕೊಂಡು, ಮಗು ಹೊತ್ಕೊಂಡೇ ಈ ಬಂಡೆಗಳನ್ನೆಲ್ಲ ತಂದು ಕಟ್ಟಿದ್ಲು ಅಂತ ಊರಿನವರ ಕತೆ. ಗೋಡೆ 6 ಮೀಟರ್ ದಾಟುತ್ತೆ, ನೋಡಿದ್ರೆ ಕತೆ ನಂಬೋಣ ಅನ್ಸುತ್ತೆ.

ಹೋದ್ರೆ ದ್ವೇಯ್ರದಲ್ಲಿ ಒಂದು ದೋಣಿ ಹತ್ತಿ. ಬಂಡೆ ನಡುವೆ ಸುಮಾರು 80 ಮೀಟರ್ ಉದ್ದದ ಸುರಂಗ, ಒಳಗೆ ಕತ್ತಲು, ಆಚೆ ಬಂದ್ರೆ ಏಕ್‌ದಂ ಸಮುದ್ರ. ಅಲೆ ಜಾಸ್ತಿ ಇದ್ರೆ ಬಿಡಲ್ಲ, ಬೆಳಿಗ್ಗೇನೇ ಹೋಗಿ ವಿಚಾರಿಸ್ಕೊಳ್ಳಿ. ಬಿದ್ದ ಕಿಟಕಿ ಕಲ್ಲುಗಳೂ ಅಲ್ಲೇ ನೀರಡಿ ಇವೆ, ಡೈವಿಂಗ್ ಬರೋರು ಈಗ ಅದನ್ನ ನೋಡೋಕೆ ಮುಳುಗ್ತಾರೆ.