ತುಮಕೂರಲ್ಲಿ ಡೈವೋರ್ಸ್ ಕೇಸ್: ಲಾಯರ್ ಹತ್ತಿರ ಹೋಗುವ ಮೊದಲು ಇದನ್ನು ನೋಡಿ

ನಮಸ್ಕಾರ. ಮೊದಲೇ ಹೇಳಿಬಿಡುತ್ತೇನೆ, ಈ ವಿಡಿಯೋದಲ್ಲಿ ಯಾವ ಲಾಯರ್ ಹೆಸರೂ ಇಲ್ಲ, ಫೋನ್ ನಂಬರೂ ಇಲ್ಲ. "ತುಮಕೂರಲ್ಲಿ ನಂಬರ್ ಒನ್ ಡೈವೋರ್ಸ್ ಲಾಯರ್" ಅಂತ ಹುಡುಕಿದರೆ ಸ್ಟಾರ್ ರೇಟಿಂಗ್ ಸಮೇತ ಉದ್ದದ ಪಟ್ಟಿಯೇ ಬರುತ್ತದೆ. ಆದರೆ ನಮ್ಮ ದೇಶದಲ್ಲಿ ವಕೀಲರು ಜಾಹೀರಾತು ಕೊಡುವ ಹಾಗೇ ಇಲ್ಲ. ವಕೀಲರನ್ನು ನಿಯಂತ್ರಿಸುವ ಬಾರ್ ಕೌನ್ಸಿಲ್ ಆಫ್ ಇಂಡಿಯಾದ 36ನೇ ನಿಯಮ ಅದನ್ನು ತಡೆಯುತ್ತದೆ. ಹಾಗಿರುವಾಗ "ಗೆಲುವು ಗ್ಯಾರಂಟಿ" ಅಂತ ಬರೆದುಕೊಂಡವರನ್ನು ಕಂಡರೆ ನಾನಾದರೆ ಆ ಪುಟ ಮುಚ್ಚಿ ಮುಂದೆ ಹೋಗುತ್ತೇನೆ.

ನನ್ನ ಲೆಕ್ಕ ಇಷ್ಟೇ. ಈ ಕೇಸಿಗೆ ದೊಡ್ಡ ಹೆಸರು ಬೇಕಾಗಿಲ್ಲ, ಪ್ರತಿ ಡೇಟ್‌ಗೂ ಬಂದು ನಿಲ್ಲುವವರು ಬೇಕು. ಯಾಕೆ ಅಂತ ಹೋಗ್ತಾ ಹೋಗ್ತಾ ಗೊತ್ತಾಗುತ್ತದೆ.

[ತೆರೆಯ ಮೇಲೆ: ಬಾಂಡ್ ಪೇಪರ್ ಡೈವೋರ್ಸ್ ನಡೆಯುತ್ತಾ?]

ಮೊದಲು ಒಂದು ವಿಷಯ ಇತ್ಯರ್ಥ ಮಾಡೋಣ. ಹಳ್ಳಿ ಕಡೆ ಈಗಲೂ ನಡೆಯುತ್ತದೆ. ಹಿರಿಯರು ಕೂತು ಪಂಚಾಯ್ತಿ ಮಾಡುತ್ತಾರೆ, ಬಾಂಡ್ ಪೇಪರ್ ಮೇಲೆ "ಇನ್ನು ಮುಂದೆ ನಮಗೂ ಇವರಿಗೂ ಸಂಬಂಧವಿಲ್ಲ" ಅಂತ ಬರೆಸುತ್ತಾರೆ, ಎರಡೂ ಕಡೆಯವರು ಸಹಿ ಹಾಕುತ್ತಾರೆ, ನೋಟರಿ ಸೀಲ್ ಬೀಳುತ್ತದೆ, ಒಡವೆ ವಾಪಸ್ ಆಗುತ್ತದೆ. ಎಲ್ಲರೂ ಮುಗಿಯಿತು ಅಂದುಕೊಂಡು ಮನೆಗೆ ಹೋಗುತ್ತಾರೆ. ಮುಗಿದಿರುವುದಿಲ್ಲ. ನೋಟರಿಗೆ ಮದುವೆ ಮುರಿಯುವ ಅಧಿಕಾರ ಇಲ್ಲ. ನಿಮ್ಮ ಸಮುದಾಯದಲ್ಲಿ ಬಿಡುಗಡೆಯ ಪದ್ಧತಿ ಮೊದಲಿನಿಂದಲೂ ಇದ್ದರೆ 1955ರ ಹಿಂದೂ ವಿವಾಹ ಕಾಯ್ದೆಯ 29ನೇ ಕಲಂ ಅದನ್ನು ಒಪ್ಪುತ್ತದೆ ನಿಜ, ಆದರೆ ಆ ಪದ್ಧತಿ ಇದೆ ಅಂತ ಕೋರ್ಟ್‌ನಲ್ಲಿ ಸಾಕ್ಷಿ ಇಟ್ಟು ಸಾಬೀತು ಮಾಡಬೇಕು, ಅದು ಸುಲಭದ ಕೆಲಸ ಅಲ್ಲ. ಆ ಪೇಪರ್ ನಂಬಿಕೊಂಡು ಇನ್ನೊಂದು ಮದುವೆ ಆದರೆ ಭಾರತೀಯ ನ್ಯಾಯ ಸಂಹಿತೆಯ 82ನೇ ಕಲಂ ಪ್ರಕಾರ 7 ವರ್ಷದವರೆಗೆ ಜೈಲು ಆಗಬಹುದು. ಪಂಚಾಯ್ತಿಯಲ್ಲಿ ಒಪ್ಪಂದ ಆಗಿದ್ದರೆ ತಪ್ಪೇನಿಲ್ಲ. ಅದೇ ಷರತ್ತುಗಳನ್ನು ಕೋರ್ಟ್ ಅರ್ಜಿಯಲ್ಲಿ ಹಾಕಿಸಿ.

[ತೆರೆಯ ಮೇಲೆ: ತುಮಕೂರು ಜಿಲ್ಲೆಯ ನಕ್ಷೆ]

ಈಗ ಯಾವ ಊರಿನ ಕೋರ್ಟ್ ಅನ್ನುವ ವಿಷಯ. ಇದನ್ನು ಯಾರೂ ಸರಿಯಾಗಿ ಹೇಳುವುದಿಲ್ಲ, ಅರ್ಧ ಜಗಳ ಇಲ್ಲೇ ಇರುತ್ತದೆ.

ಕಾನೂನು ಮುಖ್ಯವಾಗಿ ನಾಲ್ಕು ಜಾಗ ಹೇಳುತ್ತದೆ. ಮದುವೆ ನಡೆದ ಊರು, ಗಂಡ ಹೆಂಡತಿ ಕೊನೆಗೆ ಒಟ್ಟಿಗೆ ಇದ್ದ ಊರು, ಎದುರು ಪಾರ್ಟಿ ಈಗ ಇರುವ ಊರು. ನಾಲ್ಕನೆಯದು ಹೆಣ್ಣುಮಕ್ಕಳಿಗೆ ಮಾತ್ರ: ಹೆಂಡತಿಯೇ ಅರ್ಜಿ ಹಾಕುವುದಾದರೆ ತಾನು ಈಗ ಇರುವ ಊರಿನಲ್ಲೇ ಹಾಕಬಹುದು. ಈ ನಾಲ್ಕನೆಯದು 2003ರ ತಿದ್ದುಪಡಿಯಲ್ಲಿ ಬಂತು.

ಒಂದು ಉದಾಹರಣೆ ನೋಡಿ. ಮದುವೆ ಆಗಿದ್ದು ತುಮಕೂರಿನ ಕಲ್ಯಾಣ ಮಂಟಪದಲ್ಲಿ. ಗಂಡನಿಗೆ ಬೆಂಗಳೂರಿನ ಪೀಣ್ಯದಲ್ಲಿ ಕೆಲಸ, ಸಂಸಾರ ದಾಸರಹಳ್ಳಿಯಲ್ಲಿ. ಜಗಳ ಆಗಿ ಹೆಂಡತಿ ತಿಪಟೂರಿನ ತವರಿಗೆ ಬಂದಿದ್ದಾಳೆ. ಅವಳು ತಿಪಟೂರಿನಲ್ಲೇ ಕೇಸ್ ಹಾಕಬಹುದು. ಗಂಡ ಮೊದಲು ಹಾಕಿದರೆ? ಅವನು ಬೆಂಗಳೂರಿನಲ್ಲಿ ಹಾಕುತ್ತಾನೆ, ಅದೂ ಕಾನೂನು ಪ್ರಕಾರ ಸರಿಯೇ. ಆಗ ಅವಳು ಮಗು ಎತ್ತಿಕೊಂಡು ಪ್ರತಿ ಡೇಟ್‌ಗೂ ಬೆಂಗಳೂರಿಗೆ ಓಡಾಡಬೇಕು, ಇಲ್ಲವೇ ಕೇಸನ್ನು ತಿಪಟೂರಿಗೆ ವರ್ಗಾಯಿಸಿ ಅಂತ ಹೈಕೋರ್ಟ್‌ಗೆ ಅರ್ಜಿ ಹಾಕಬೇಕು. ಹೆಂಡತಿಯ ಅನುಕೂಲವನ್ನು ಕೋರ್ಟ್‌ಗಳು ಸಾಮಾನ್ಯವಾಗಿ ಪರಿಗಣಿಸುತ್ತವೆ. ಆದರೂ ಅದು ಇನ್ನೊಂದು ಕೇಸು, ಇನ್ನೊಂದು ಖರ್ಚು.

ಪಾವಗಡದವರಿಗೆ ಇದು ಇನ್ನೂ ತಲೆನೋವು. ಮೂರು ಕಡೆ ಆಂಧ್ರ. ಹಿಂದೂಪುರ, ಮಡಕಶಿರಾ ಕಡೆಯಿಂದ ಹೆಣ್ಣು ತರುವುದು, ಕೊಡುವುದು ಅಲ್ಲಿ ಮಾಮೂಲು. ಕೇಸು ಆ ಕಡೆ ಕೋರ್ಟ್‌ನಲ್ಲಿ ಬಿದ್ದರೆ ಈ ಕಡೆ ತರಿಸುವ ಅಧಿಕಾರ ನಮ್ಮ ಹೈಕೋರ್ಟ್‌ಗೆ ಇಲ್ಲ. ರಾಜ್ಯದಿಂದ ರಾಜ್ಯಕ್ಕೆ ವರ್ಗಾವಣೆ ಅಂದರೆ ಸುಪ್ರೀಂ ಕೋರ್ಟೇ ಮಾಡಬೇಕು. ಹಿಂದೂಪುರದ ಕೇಸಿಗೆ ದೆಹಲಿಯಲ್ಲಿ ಲಾಯರ್ ಹಿಡಿಯುವುದು ಅಂದರೆ ಸುಮ್ನೆ ಮಾತಾ?

ಜಿಲ್ಲೆಯ ಒಳಗೂ ಒಂದು ವಿಷಯ ಇದೆ. ತುಮಕೂರಿನಲ್ಲಿ ಫ್ಯಾಮಿಲಿ ಕೋರ್ಟ್ ಇದೆ. ತಾಲ್ಲೂಕುಗಳಲ್ಲಿ ಸೀನಿಯರ್ ಸಿವಿಲ್ ಜಡ್ಜ್ ಕೋರ್ಟ್‌ಗಳು ಈ ಕೇಸುಗಳನ್ನು ನಡೆಸುತ್ತವೆ. ನಿಮ್ಮ ಊರು ಯಾವುದಕ್ಕೆ ಸೇರುತ್ತದೆ ಅನ್ನುವುದೇ ಲಾಯರ್‌ಗೆ ಕೇಳುವ ಮೊದಲ ಪ್ರಶ್ನೆ ಆಗಲಿ. ಮಧುಗಿರಿಯ ಕೇಸಿಗೆ ತುಮಕೂರಿನ ಲಾಯರ್ ಹಿಡಿದರೆ ಪ್ರತಿ ಸಲವೂ ಅವರ ಓಡಾಟದ ಖರ್ಚು ನಿಮ್ಮದೇ, ಅಲ್ವಾ.

[ತೆರೆಯ ಮೇಲೆ: ಒಪ್ಪಿಗೆಯ ಡೈವೋರ್ಸ್ / ಜಗಳದ ಡೈವೋರ್ಸ್]

ಇಬ್ಬರಿಗೂ ಒಪ್ಪಿಗೆ ಇದ್ದರೆ ಹಿಂದೂ ವಿವಾಹ ಕಾಯ್ದೆಯ 13ಬಿ ಕಲಂ. ಒಂದು ವರ್ಷ ಬೇರೆ ಇದ್ದಿರಬೇಕು. ಬೇರೆ ಅಂದರೆ ಬೇರೆ ಮನೆ ಅಂತಲೇ ಅಲ್ಲ, ಒಂದೇ ಸೂರಿನಡಿ ಇದ್ದರೂ ಗಂಡ ಹೆಂಡತಿಯಾಗಿ ಬಾಳದಿದ್ದರೆ ಸಾಕು ಅಂತ 1991ರಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ. ಅದೇ ತೀರ್ಪು ಇನ್ನೊಂದು ಮಾತನ್ನೂ ಹೇಳಿತು: ಡಿಕ್ರಿ, ಅಂದರೆ ಕೋರ್ಟ್‌ನ ಕೊನೆಯ ಆದೇಶ, ಆಗುವವರೆಗೂ ಯಾರು ಬೇಕಾದರೂ ಒಪ್ಪಿಗೆ ವಾಪಸ್ ತೆಗೆದುಕೊಳ್ಳಬಹುದು. ಹಾಗಾಗಿ ಒಪ್ಪಂದದ ಪೂರ್ತಿ ದುಡ್ಡು ಮೊದಲ ದಿನವೇ ಕೊಡಬೇಡಿ, ಪೂರ್ತಿ ದುಡ್ಡು ಕೊನೆಯ ದಿನಕ್ಕೇ ಬಿಡಲೂ ಬೇಡಿ. ಅರ್ಜಿ ಹಾಕುವಾಗ ಒಂದಿಷ್ಟು, ಕಾಯುವ ಅವಧಿ ಮುಗಿದು ಕೋರ್ಟ್‌ನಲ್ಲಿ ಎರಡನೇ ಹೇಳಿಕೆ ಕೊಡುವ ದಿನ ಉಳಿದದ್ದು ಅಂತ ಬರೆಸಿ. ಅರ್ಜಿ ಹಾಕಿ 6 ತಿಂಗಳು ಕಾಯಬೇಕು ಅಂತ ಕಾಯ್ದೆಯಲ್ಲಿದೆ. ಜೀವನಾಂಶ, ಮಕ್ಕಳ ವಿಷಯ ಎಲ್ಲಾ ಇತ್ಯರ್ಥ ಆಗಿ, ರಾಜಿ ಸಾಧ್ಯವೇ ಇಲ್ಲ ಅಂತಾಗಿದ್ದು, ಅರ್ಜಿ ಹಾಕುವ ಮೊದಲೇ ಬೇರೆಯಾಗಿ ಒಂದೂವರೆ ವರ್ಷ ದಾಟಿದ್ದರೆ ಈ 6 ತಿಂಗಳನ್ನು ಕೋರ್ಟ್ ಬಿಟ್ಟುಕೊಡಬಹುದು. ಅದು ಸುಪ್ರೀಂ ಕೋರ್ಟ್‌ನ 2017ರ ಅಮರ್‌ದೀಪ್ ಸಿಂಗ್ ತೀರ್ಪು. ಲಾಯರ್ ಇದರ ಬಗ್ಗೆ ಬಾಯಿ ಬಿಡದಿದ್ದರೆ ನೀವೇ ಕೇಳಿ.

ಒಪ್ಪಿಗೆ ಇಲ್ಲದಿದ್ದರೆ ಕಾರಣ ಸಾಬೀತು ಮಾಡಬೇಕು. ಕ್ರೌರ್ಯ, ಎರಡು ವರ್ಷ ಬಿಟ್ಟು ಹೋಗಿರುವುದು, ಬೇರೆಯವರ ಸಂಬಂಧ, ಹೀಗೆ. "ಸರ್, ನಮಗೆ ಹೊಂದಾಣಿಕೆ ಆಗಲ್ಲ" ಅಂದರೆ ಸಾಲದು. ಮದುವೆ ಪೂರ್ತಿ ಸತ್ತುಹೋಗಿದೆ ಅನ್ನುವ ಕಾರಣಕ್ಕೇ ಡೈವೋರ್ಸ್ ಕೊಡುವ ಅಧಿಕಾರ ಸುಪ್ರೀಂ ಕೋರ್ಟ್‌ಗೆ ಮಾತ್ರ ಇದೆ, 2023ರಲ್ಲಿ ಅದು ಸ್ಪಷ್ಟ ಆಯಿತು. ಮದುವೆಯಾಗಿ ಒಂದು ವರ್ಷ ಆಗಿಲ್ಲ ಅಂದರೆ ವಿಶೇಷ ಅನುಮತಿ ಇಲ್ಲದೆ ಅರ್ಜಿಯೇ ನಿಲ್ಲುವುದಿಲ್ಲ. ನಾನು ಹೇಳುತ್ತಿರುವುದು ಹಿಂದೂ ಕಾಯ್ದೆ. ಕ್ರೈಸ್ತರಿಗೆ, ಮುಸ್ಲಿಮರಿಗೆ, ಸ್ಪೆಷಲ್ ಮ್ಯಾರೇಜ್ ಆದವರಿಗೆ ಕಾನೂನು ಬೇರೆ ಬೇರೆ. ಅದಕ್ಕೆ ಇನ್ನೊಂದು ವಿಡಿಯೋ ಬೇಕು.

[ತೆರೆಯ ಮೇಲೆ: ಲಾಯರ್ ಆಫೀಸಿನಲ್ಲಿ ಏನು ಕೇಳಬೇಕು]

ಈಗ ಲಾಯರ್. ಹುಡುಕುವ ಸುಲಭ ದಾರಿ ಅಂದರೆ ಒಂದು ದಿನ ಬೆಳಿಗ್ಗೆ ಆ ಕೋರ್ಟ್ ಹತ್ತಿರವೇ ಹೋಗಿ ನೋಡುವುದು. ಫ್ಯಾಮಿಲಿ ಕೇಸು ಯಾರು ದಿನಾ ನಡೆಸುತ್ತಾರೆ ಅನ್ನುವುದು ಅಲ್ಲಿನ ಗುಮಾಸ್ತರಿಗೆ, ಟೈಪಿಂಗ್ ಅಂಗಡಿಯವರಿಗೆ ಗೊತ್ತಿರುತ್ತದೆ. ಇಬ್ಬರು ಮೂವರ ಹತ್ತಿರ ಮಾತಾಡಿ. ಮೊದಲ ಭೇಟಿಗೆ ಫೀಸು ಕೇಳಿದರೆ ಬೇಜಾರು ಬೇಡ, ಅದು ಅವರ ಕೆಲಸ.

"ನೀವೇ ಬರುತ್ತೀರಾ ಸರ್, ಜೂನಿಯರ್ ಕಳಿಸುತ್ತೀರಾ?" ಅಂತ ನೇರವಾಗಿ ಕೇಳಿ. ಸುಮ್ನೆ ಡೇಟ್ ತೆಗೆದುಕೊಳ್ಳುವ ದಿನ ಜೂನಿಯರ್ ಬಂದರೆ ತೊಂದರೆ ಇಲ್ಲ. ಪಾಟಿ ಸವಾಲಿನ ದಿನ, ಅಂದರೆ ಎದುರು ಕಡೆಯ ಸಾಕ್ಷಿಯನ್ನು ಪ್ರಶ್ನೆ ಮಾಡುವ ದಿನ, ಕೇಸು ಓದಿಕೊಂಡವರೇ ಇರಬೇಕು, ಯಾಕೆಂದರೆ ಜಗಳದ ಡೈವೋರ್ಸ್ ಗೆಲ್ಲುವುದು ಸೋಲುವುದು ಅವತ್ತೇ. ಆ ದಿನ "ನಮ್ಮ ಸೀನಿಯರ್ ಬೆಂಗಳೂರಿನಲ್ಲಿ ಹೈಕೋರ್ಟ್‌ಗೆ ಹೋಗಿದ್ದಾರೆ, ಸಮಯ ಕೊಡಿ" ಅಂದರೆ ಕೇಸು ತಿಂಗಳುಗಟ್ಟಲೆ ಮುಂದೆ ಹೋಗುತ್ತದೆ. ಬೆಂಗಳೂರಿನ ದೊಡ್ಡ ಲಾಯರ್ ಬೇಡ ಅಂತ ನಾನು ಹೇಳುವುದು ಇದಕ್ಕೇ.

ಇನ್ನೊಂದು ಪ್ರಶ್ನೆ ಕೇಳಲು ಮುಜುಗರ ಆಗುತ್ತದೆ, ಆದರೂ ಕೇಳಿ: "ನಮ್ಮ ಎದುರು ಪಾರ್ಟಿ ಮನೆಯವರು ನಿಮಗೆ ಗೊತ್ತಾ? ಅವರ ಜಮೀನು ಕೇಸು ಏನಾದರೂ ನಡೆಸಿದ್ದೀರಾ?" ಚಿಕ್ಕ ಊರು. ಎಲ್ಲರಿಗೂ ಎಲ್ಲರೂ ನೆಂಟರು. ಲೋಕಲ್ ಲಾಯರ್ ಅಂದರೆ ಈ ತೊಡಕೂ ಜೊತೆಗೇ ಬರುತ್ತದೆ.

ಫೀಸು ಒಟ್ಟಿಗೆ ಇಷ್ಟು ಅಂತಲೋ, ಹಂತ ಹಂತವಾಗಿ ಇಷ್ಟು ಅಂತಲೋ ಮೊದಲೇ ಮಾತಾಡಿ, ವಾಟ್ಸಾಪ್‌ನಲ್ಲಾದರೂ ಬರೆಸಿಕೊಳ್ಳಿ. "ಬರುವ ಜೀವನಾಂಶದಲ್ಲಿ ನನಗೆ ಇಷ್ಟು ಪರ್ಸೆಂಟ್" ಅಂದರೆ ಒಪ್ಪಬೇಡಿ. ಹಾಗೆ ಪಾಲು ಕೇಳುವುದನ್ನು ಬಾರ್ ಕೌನ್ಸಿಲ್ ನಿಯಮವೇ ನಿಷೇಧಿಸಿದೆ. ಖಾಲಿ ಹಾಳೆಗೆ ಸಹಿ ಹಾಕಲೇಬೇಡಿ. ವಕಾಲತ್ತು ಆಗಲಿ, ಅರ್ಜಿ ಆಗಲಿ ಓದಿಯೇ ಸಹಿ. ಅರ್ಜಿ ಇಂಗ್ಲಿಷ್‌ನಲ್ಲಿದ್ದರೆ ಕನ್ನಡದಲ್ಲಿ ಓದಿ ಹೇಳಿಸಿಕೊಳ್ಳಿ, ಏಕೆಂದರೆ ಅದರಲ್ಲಿರುವ ಪ್ರತಿ ಸಾಲಿಗೂ ನಾಳೆ ಕಟಕಟೆಯಲ್ಲಿ ನಿಂತು ಉತ್ತರ ಕೊಡುವವರು ನೀವು. ಮೂಲ ದಾಖಲೆ ನಿಮ್ಮ ಹತ್ತಿರವೇ ಇರಲಿ. ಲಾಯರ್ ಬದಲಾಯಿಸುವ ಹೊತ್ತಿಗೆ ಫೀಸು ಬಾಕಿ ಅಂತ ಫೈಲ್ ಹಿಡಿದಿಟ್ಟುಕೊಳ್ಳುವ ಹಕ್ಕು ಯಾವ ಲಾಯರ್‌ಗೂ ಇಲ್ಲ, 2000ನೇ ಇಸವಿಯಲ್ಲೇ ಸುಪ್ರೀಂ ಕೋರ್ಟ್ ಹೇಳಿ ಆಗಿದೆ.

ಕೇಸು ದಾಖಲಾದ ಮೇಲೆ ಎಂ.ಸಿ. (ಮ್ಯಾಟ್ರಿಮೋನಿಯಲ್ ಕೇಸ್) ನಂಬರ್ ಸಿಗುತ್ತದೆ, 16 ಅಕ್ಷರ-ಅಂಕಿಯ ಸಿಎನ್ಆರ್ ನಂಬರ್ ಕೂಡ. ಅದನ್ನು ಬರೆದಿಟ್ಟುಕೊಂಡು ಇ-ಕೋರ್ಟ್ಸ್ ಆ್ಯಪ್‌ನಲ್ಲಿ ಹಾಕಿ. ಮುಂದಿನ ಡೇಟ್ ಯಾವತ್ತು, ಹಿಂದಿನ ಸಲ ಏನಾಯಿತು, ಎಲ್ಲಾ ಕಾಣುತ್ತದೆ. ಲಾಯರ್ ನಿಜವಾಗಲೂ ಹೋಗುತ್ತಿದ್ದಾರಾ ಅನ್ನುವುದನ್ನು ಅವರನ್ನು ಕೇಳದೇ ತಿಳಿಯಬಹುದು.

ದುಡ್ಡಿಲ್ಲದವರು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ. ತಾಲ್ಲೂಕಿನಲ್ಲಾದರೆ ತಾಲ್ಲೂಕು ಸಮಿತಿ ಇದೆ. ಹೆಣ್ಣುಮಕ್ಕಳಿಗೆ, ಎಸ್‌ಸಿ ಎಸ್‌ಟಿಯವರಿಗೆ ಆದಾಯ ಎಷ್ಟೇ ಇದ್ದರೂ ಉಚಿತ ವಕೀಲರು ಸಿಗುತ್ತಾರೆ. ಫೋನ್ ನಂಬರ್ 15100. ಹೊಡೆತ ಬಡಿತ ಇದ್ದರೆ ಡೈವೋರ್ಸ್ ಆಮೇಲೆ, ಮೊದಲು 181ಕ್ಕೆ ಇಲ್ಲವೇ 112ಕ್ಕೆ ಕರೆ ಮಾಡಿ.

[ತೆರೆಯ ಮೇಲೆ: ತೆಂಗಿನ ತೋಟ, ಪಹಣಿ]

ಲೋಕಲ್ ಲಾಯರ್ ನಿಜವಾಗಲೂ ಉಪಯೋಗಕ್ಕೆ ಬರುವುದು ಜೀವನಾಂಶದ ವಿಷಯದಲ್ಲಿ. ಸುಪ್ರೀಂ ಕೋರ್ಟ್‌ನ 2020ರ ರಜನೇಶ್ ತೀರ್ಪಿನ ನಂತರ ಗಂಡ ಹೆಂಡತಿ ಇಬ್ಬರೂ ಆಸ್ತಿ, ಆದಾಯ, ಸಾಲ, ಖರ್ಚು ಎಲ್ಲಾ ಬರೆದು ಅಫಿಡವಿಟ್ ಕೊಡಬೇಕು. ಸಂಬಳದವರದ್ದು ಸಲೀಸು, ಸ್ಯಾಲರಿ ಸ್ಲಿಪ್ ತರಿಸಿದರೆ ಆಯಿತು. ನಮ್ಮ ಜಿಲ್ಲೆಯಲ್ಲಿ ಬಹಳ ಜನರದ್ದು ತೋಟದ ಬದುಕು. ಕೋರ್ಟ್‌ನಲ್ಲಿ ನಿಂತು "ಸ್ವಾಮಿ, ಬೋರ್‌ವೆಲ್ ಬತ್ತಿದೆ, ನುಸಿ ಪೀಡೆ ಬಂದಿದೆ, ತೋಟ ಅಪ್ಪನ ಹೆಸರಲ್ಲಿದೆ, ನನಗೆ ನಯಾಪೈಸೆ ಆದಾಯ ಇಲ್ಲ" ಅನ್ನುತ್ತಾರೆ. ಇರಬಹುದು, ಇಲ್ಲದೆಯೂ ಇರಬಹುದು. ಅದನ್ನು ಬಿಡಿಸಬೇಕಾದರೆ ಪಹಣಿ ಬೇಕು, ಭೂಮಿ ವೆಬ್‌ಸೈಟಿನಲ್ಲಿ ಸರ್ವೆ ನಂಬರ್ ಹಾಕಿದರೆ ಸಿಗುತ್ತದೆ. ತಿಪಟೂರು ಎಪಿಎಂಸಿಯಲ್ಲಿ ಕೊಬ್ಬರಿ ಮಾರಿದ ಬಿಲ್ಲು, ಸೊಸೈಟಿಯಲ್ಲಿ ತೆಗೆದ ಬೆಳೆ ಸಾಲ, ಡೇರಿಗೆ ಹಾಲು ಹಾಕಿದ ಲೆಕ್ಕ, ಇವೆಲ್ಲ ಸಾಕ್ಷಿ. ಎಕರೆಗೆ ಎಷ್ಟು ತೆಂಗು, ಈ ವರ್ಷ ಕೊಬ್ಬರಿ ರೇಟ್ ಏನು ಅಂತ ಗೊತ್ತಿರುವ ಲಾಯರ್ ಕೇಳುವ ಪಾಟಿ ಸವಾಲೇ ಬೇರೆ. ಗಂಡಿನ ಕಡೆಯವರಿಗೂ ಇದೇ ಮಾತು. ನಿಜವಾಗಲೂ ಬೆಳೆ ಹೋಗಿದ್ದರೆ ಅದಕ್ಕೂ ಕಾಗದ ಇಡಿ, ಬಾಯಿ ಮಾತು ನಿಲ್ಲುವುದಿಲ್ಲ.

ಕೇಸು ನಡೆಯುವಾಗಲೇ ಮಧ್ಯಂತರ ಜೀವನಾಂಶ ಕೇಳಬಹುದು. ಹಿಂದೂ ಕಾಯ್ದೆಯ 24ನೇ ಕಲಂನಲ್ಲಿ ಗಂಡನೂ ಕೇಳಬಹುದು, ಅಪರೂಪ ಅಷ್ಟೇ.

ಫೋನ್‌ನಲ್ಲಿರುವ ಮೆಸೇಜು, ರೆಕಾರ್ಡಿಂಗ್ ಅಳಿಸಬೇಡಿ. ಗಂಡ ಹೆಂಡತಿ ಗುಟ್ಟಾಗಿ ಮಾಡಿದ ಕಾಲ್ ರೆಕಾರ್ಡಿಂಗ್‌ ಕೂಡ ಇಂಥ ಕೇಸುಗಳಲ್ಲಿ ಸಾಕ್ಷಿ ಆಗಬಹುದು ಅಂತ 2025ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ನನಗೇನೋ ಅದು ಸ್ವಲ್ಪ ಭಯ ಹುಟ್ಟಿಸುವ ತೀರ್ಪು ಅನಿಸಿತು, ಆದರೆ ಈಗ ಕಾನೂನು ಹಾಗಿದೆ. ಅದರ ಜೊತೆ ಎಲೆಕ್ಟ್ರಾನಿಕ್ ಸಾಕ್ಷಿಯ ಸರ್ಟಿಫಿಕೇಟ್ ಕೊಡಬೇಕು, ಅದು ಹೇಗೆ ಅಂತ ಲಾಯರ್ ಹೇಳುತ್ತಾರೆ.

ನಿಮಗೇ ನೋಟಿಸ್ ಬಂದಿದೆ ಅಂತಿಟ್ಟುಕೊಳ್ಳಿ. ಪೋಸ್ಟ್‌ಮ್ಯಾನ್ ತಂದಾಗ "ತಗೊಳ್ಳಲ್ಲ" ಅಂತ ವಾಪಸ್ ಕಳಿಸುವುದು ಬುದ್ಧಿವಂತಿಕೆ ಅಂತ ಯಾರೋ ಅಣ್ಣ ತಮ್ಮಂದಿರು ಹೇಳಿಕೊಡುತ್ತಾರೆ. ಕೋರ್ಟ್ ಅದನ್ನು ನೋಟಿಸ್ ಮುಟ್ಟಿದೆ ಅಂತಲೇ ತಗೊಳ್ಳಬಹುದು, ನೀವಿಲ್ಲದೇ ಎಕ್ಸ್‌ಪಾರ್ಟಿ ಮಾಡಿ ಕೇಸು ಮುಗಿಸಬಹುದು. ತಗೊಳ್ಳಿ, ಡೇಟ್ ನೋಡಿ, ಹೋಗಿ. ಮೀಡಿಯೇಷನ್‌ಗೆ ಕಳಿಸುತ್ತಾರೆ, ಅಲ್ಲಿಗೂ ಹೋಗಿ. ಅಲ್ಲಿ ಆಡಿದ ಮಾತು ಹೊರಗೆ ಹೋಗುವುದಿಲ್ಲ. ಈ ಕೇಸುಗಳ ವಿಚಾರಣೆಯೂ ಹಿಂದೂ ಕಾಯ್ದೆಯ 22ನೇ ಕಲಂ ಪ್ರಕಾರ ಮುಚ್ಚಿದ ಬಾಗಿಲ ಹಿಂದೆಯೇ ನಡೆಯುತ್ತದೆ, ಊರಿನವರು ಬಂದು ಕೂತು ಕೇಳುವ ಹಾಗಿಲ್ಲ.

ತೀರ್ಪು ಬಂದ ಮೇಲೆ ಡಿಕ್ರಿಯ ಸರ್ಟಿಫೈಡ್ ಕಾಪಿಗೆ ಅವತ್ತೇ ಅರ್ಜಿ ಹಾಕಿಸಿ, ಒಂದಕ್ಕೆ ಎರಡು ತೆಗೆದುಕೊಳ್ಳಿ. ಪಾಸ್‌ಪೋರ್ಟ್‌ಗೆ, ಮುಂದಿನ ಮದುವೆ ನೋಂದಣಿಗೆ ಅದನ್ನೇ ಕೇಳುತ್ತಾರೆ. ಜಗಳದ ಕೇಸಾಗಿದ್ದರೆ ಅಪೀಲಿನ ಅವಧಿ ಮುಗಿಯಿತಾ, ಎದುರು ಪಾರ್ಟಿ ಮೇಲಿನ ಕೋರ್ಟ್‌ಗೆ ಹೋಗಿದ್ದಾರಾ ಅಂತ ಲಾಯರ್ ಹತ್ತಿರ ಖಚಿತ ಮಾಡಿಕೊಂಡೇ ಹೊಸ ಸಂಬಂಧದ ಮಾತುಕತೆಗೆ ಕೂರಿ.