ಅಪರೂಪವಾದರೆ ಸಾಕೇ? ಕಾಮಿಕ್ ಸಂಚಿಕೆಗಳ ಬೆಲೆಯ ಒಳಗುಟ್ಟು

ಕೇಳುಗರೆಲ್ಲರಿಗೂ ನಮಸ್ಕಾರ.

ಹತ್ತು ಸೆಂಟ್ ಮುಖಬೆಲೆಯ ಕಾಮಿಕ್ ಸಂಚಿಕೆಯೊಂದು 2024ರ ಏಪ್ರಿಲ್ ತಿಂಗಳಲ್ಲಿ ಅಮೆರಿಕದ ಹೆರಿಟೇಜ್ ಸಂಸ್ಥೆಯ ಹರಾಜಿನಲ್ಲಿ 60 ಲಕ್ಷ ಡಾಲರಿಗೆ ಹೋಯಿತು. 1938ರ ಜೂನ್ ತಿಂಗಳ ‘ಆಕ್ಷನ್ ಕಾಮಿಕ್ಸ್’ನ ಮೊದಲ ಸಂಚಿಕೆ ಅದು. ಸೂಪರ್‌ಮ್ಯಾನ್ ಓದುಗರಿಗೆ ಮೊದಲು ಕಂಡದ್ದು ಅದರಲ್ಲೇ. ಹಳೆಯದು, ಎಲ್ಲೂ ಸಿಗುವುದಿಲ್ಲ, ಅದಕ್ಕೇ ಅಷ್ಟು ಬೆಲೆ ಎಂದು ಜನ ಮಾತು ಮುಗಿಸಿಬಿಡುತ್ತಾರೆ. ಆ ವಿವರಣೆ ಅರ್ಧ ಮಾತ್ರ ಸರಿ. ಉಳಿದರ್ಧವೇ ನನ್ನನ್ನು ಹೆಚ್ಚು ಸೆಳೆದದ್ದು, ಇವತ್ತಿನ ಮಾತೆಲ್ಲ ಅದರ ಸುತ್ತಲೇ.

ಮೊದಲು ವಿರಳತೆಯ ವಿಷಯ. ಆಕ್ಷನ್ ಕಾಮಿಕ್ಸ್‌ನ ಮೊದಲ ಸಂಚಿಕೆ ಅಚ್ಚಾದದ್ದು ಸುಮಾರು ಎರಡು ಲಕ್ಷ ಪ್ರತಿ. ಇಂದು ಉಳಿದಿರುವುದು ನೂರರ ಆಸುಪಾಸು ಎಂಬುದು ಈ ವ್ಯಾಪಾರದಲ್ಲಿ ಪಳಗಿದವರ ಅಂದಾಜು. ಮಿಕ್ಕವೆಲ್ಲ ಏನಾದವು? ಕಾಗದ ಅಗ್ಗದ ನ್ಯೂಸ್‌ಪ್ರಿಂಟ್. ಅದರೊಳಗಿನ ಆಮ್ಲವೇ ಅದನ್ನು ಹಳದಿಗೆ ತಿರುಗಿಸಿ ಕೊನೆಗೆ ಪುಡಿ ಮಾಡುತ್ತದೆ. ಮಕ್ಕಳು ಮಡಚಿ ಜೇಬಿಗೆ ತುರುಕಿದರು, ಗೆಳೆಯರ ಜೊತೆ ಅದಲುಬದಲು ಮಾಡಿಕೊಂಡರು. ಎರಡನೇ ಮಹಾಯುದ್ಧದ ಕಾಲದಲ್ಲಿ ಊರೂರಲ್ಲಿ ಕಾಗದ ಕೂಡಿಸುವ ಅಭಿಯಾನ ನಡೆದು ರಾಶಿ ರಾಶಿ ಕಾಮಿಕ್ಸ್ ರದ್ದಿಗೆ ಸೇರಿದವು. 1940ರ ದಶಕದ ಕೊನೆಯಲ್ಲಂತೂ ಇವು ಮಕ್ಕಳನ್ನು ಕೆಡಿಸುತ್ತವೆಂದು ಗುಡ್ಡೆ ಹಾಕಿ ಸುಟ್ಟದ್ದೂ ಉಂಟು. ಆ ಕಾಲದಲ್ಲಿ ಕಾಮಿಕ್ಸನ್ನು ಕಾಪಿಡಲೆಂದು ಕೊಂಡವರು ತೀರ ಕಡಿಮೆ.

ಹಾಗಿದ್ದೂ ಕೆಲವು ಉಳಿದವು. ಕೊಲರಾಡೋದ ಚಿತ್ರಕಾರ ಎಡ್ಗರ್ ಚರ್ಚ್ ಅವರ ಮನೆಯಿಂದ 1977ರಲ್ಲಿ 18,000ಕ್ಕೂ ಹೆಚ್ಚು ಸಂಚಿಕೆಗಳು ಹೊರಬಂದವು. ಅಲ್ಲಿನದು ಎತ್ತರದ ನಾಡಿನ ಒಣ ಹವೆ. ಜೊತೆಗೆ ಪುಸ್ತಕಗಳನ್ನು ಒತ್ತೊತ್ತಾಗಿ ಪೇರಿಸಿಟ್ಟಿದ್ದರು. ಮೂವತ್ತು ನಲವತ್ತು ವರ್ಷ ಕಳೆದರೂ ಪುಟಗಳು ಬಿಳಿಯಾಗಿಯೇ ಇದ್ದವು. ಚರ್ಚ್ ಅವರ ಈ ಸಂಗ್ರಹಕ್ಕೆ ‘ಮೈಲ್ ಹೈ’ ಎಂದು ಹೆಸರು. ಅದರ ಪ್ರತಿ ಎಂದು ಖಾತರಿಯಾದರೆ ಈಗಲೂ ಸಂಗ್ರಹಕಾರರು ಹೆಚ್ಚು ತೆರುತ್ತಾರೆ.

ಸರಿ, ವಿರಳತೆಯೇ ಎಲ್ಲ ಎನ್ನುವವರಿಗೆ ಇನ್ನೊಂದು ಪುಸ್ತಕವನ್ನು ತೋರಿಸಬೇಕು. 1939ರ ‘ಮೋಷನ್ ಪಿಕ್ಚರ್ ಫನ್ನೀಸ್ ವೀಕ್ಲಿ’. ಚಿತ್ರಮಂದಿರಗಳಲ್ಲಿ ಮಕ್ಕಳಿಗೆ ಹಂಚಲೆಂದು ಸಿದ್ಧಪಡಿಸಿದ್ದು, ಯೋಜನೆ ಕೈಗೂಡಲಿಲ್ಲ. ಸಬ್-ಮ್ಯಾರಿನರ್ ಎಂಬ ನಾಯಕನ ಕಥೆ ಅದರಲ್ಲಿದೆ. ಉಳಿದಿರುವ ಪ್ರತಿಗಳು ಬೆರಳೆಣಿಕೆಯವು, ಸೂಪರ್‌ಮ್ಯಾನ್ ಸಂಚಿಕೆಗಿಂತ ಎಷ್ಟೋ ಪಾಲು ವಿರಳ. ಆದರೂ ಬೆಲೆಯಲ್ಲಿ ಅದರ ಹತ್ತಿರಕ್ಕೂ ಸುಳಿದಿಲ್ಲ. ಆ ನಾಯಕನನ್ನು ಜನ ನಿಜವಾಗಿ ಅಂಗಡಿಯಿಂದ ಕೊಂಡು ಓದಿದ್ದು ಅದೇ ವರ್ಷದ ‘ಮಾರ್ವೆಲ್ ಕಾಮಿಕ್ಸ್’ ಮೊದಲ ಸಂಚಿಕೆಯಲ್ಲಿ. ಬಹುಮಂದಿಯ ನೆನಪಿನಲ್ಲಿ ಬೇರು ಬಿಟ್ಟಿರುವುದು ಆ ಸಂಚಿಕೆ, ದುಡ್ಡು ಹರಿಯುವುದೂ ಅದರ ಕಡೆಗೆ.

ಈಗ ದರ್ಜೆಯ ವಿಷಯಕ್ಕೆ ಬರುತ್ತೇನೆ. 2000ದಲ್ಲಿ ಸಿಜಿಸಿ ಎಂಬ ಸಂಸ್ಥೆ ಶುರುವಾಯಿತು. ಕೊಳ್ಳುವವನೂ ಅಲ್ಲದ, ಮಾರುವವನೂ ಅಲ್ಲದ ಮೂರನೆಯವರು ಪ್ರತಿಯನ್ನು ಪರೀಕ್ಷಿಸಿ, 0.5ರಿಂದ 10ರವರೆಗೆ ಅಂಕ ಕೊಟ್ಟು, ಗಟ್ಟಿ ಪ್ಲಾಸ್ಟಿಕ್ ಕವಚದಲ್ಲಿ ಮುಚ್ಚಿ ಕಳಿಸುತ್ತಾರೆ. ಆ ಕವಚವೇ ಸ್ಲ್ಯಾಬ್. ಬೆನ್ನಿನ ಮೇಲಿನ ಸಣ್ಣ ಗೀರು, ಪಿನ್ನಿನ ತುಕ್ಕು, ಮೂಲೆಯ ಮಡಿಕೆ, ಎಲ್ಲಕ್ಕೂ ಲೆಕ್ಕವಿದೆ. ಬಣ್ಣ ಹಚ್ಚಿ ತೇಪೆ ಹಾಕಿದ್ದರೆ ನೇರಳೆ ಚೀಟಿ ಬೀಳುತ್ತದೆ, ಬೆಲೆಯೂ ಬಿದ್ದುಹೋಗುತ್ತದೆ. ಇದರಿಂದ ಎರಡನೇ ಬಗೆಯ ವಿರಳತೆಯೊಂದು ಹುಟ್ಟಿಕೊಂಡಿತು: ಪುಸ್ತಕ ಸಿಗುತ್ತದೆ, ಆದರೆ ಆ ಸ್ಥಿತಿಯಲ್ಲಿ ಸಿಗುವುದಿಲ್ಲ.

1962ರ ಆಗಸ್ಟ್ ತಿಂಗಳ ‘ಅಮೇಜಿಂಗ್ ಫ್ಯಾಂಟಸಿ’ 15ನೇ ಸಂಚಿಕೆಯನ್ನೇ ನೋಡಿ. ಸ್ಪೈಡರ್‌ಮ್ಯಾನ್ ಮೊದಲು ಬಂದದ್ದು ಅದರಲ್ಲಿ. ಮುಖಬೆಲೆ 12 ಸೆಂಟ್. ದರ್ಜೆ ಪಡೆದ ಪ್ರತಿಗಳೇ ಸಾವಿರಾರಿವೆ. ಆದರೆ 9.6 ಅಂಕ ದಕ್ಕಿದ್ದು ನಾಲ್ಕಕ್ಕೆ ಮಾತ್ರ, ಅದರ ಮೇಲೆ ಒಂದೂ ಇಲ್ಲ. ಆ ದರ್ಜೆಯ ಪ್ರತಿ 2011ರಲ್ಲಿ 11 ಲಕ್ಷ ಡಾಲರಿಗೆ ಮಾರಾಟವಾಗಿತ್ತು. 2021ರ ಸೆಪ್ಟೆಂಬರ್‌ನಲ್ಲಿ 36 ಲಕ್ಷಕ್ಕೆ. ನಡುವಿನ ಹತ್ತು ವರ್ಷಗಳಲ್ಲಿ ಸಿನಿಮಾಗಳು ಸ್ಪೈಡರ್‌ಮ್ಯಾನನನ್ನು ಇನ್ನಷ್ಟು ಕೋಟಿ ಜನರಿಗೆ ಮುಟ್ಟಿಸಿದವು. ಹಾಗೆಂದು ಇದು ಶಿಖರದ ಪ್ರತಿಗಳ ಕಥೆ ಮಾತ್ರ ಎಂದುಕೊಳ್ಳಬೇಡಿ. ಹರಿದು ಹಾಳೆ ಸಡಿಲಾದ ಪ್ರತಿಗೂ ಸಾವಿರಾರು ಡಾಲರ್ ಕೊಡುವವರಿದ್ದಾರೆ. ಆ ಹರಕು ಪ್ರತಿಯಲ್ಲಿ ದರ್ಜೆಗೆ ಬೆಲೆಯಿಲ್ಲ. ಅಲ್ಲಿ ಕೊಡುವ ಅಷ್ಟೂ ದುಡ್ಡು ಸಂಚಿಕೆಯ ಮಹತ್ವಕ್ಕೆ, ಅಂದರೆ ಸ್ಪೈಡರ್‌ಮ್ಯಾನ್ ಮೊದಲು ಬಂದದ್ದು ಅದರಲ್ಲಿ ಎಂಬುದಕ್ಕೆ.

ಇದನ್ನು ಇನ್ನೂ ಸ್ಪಷ್ಟವಾಗಿ ಹೇಳುವ ಸಂಚಿಕೆ 1974ರ ‘ಇನ್‌ಕ್ರೆಡಿಬಲ್ ಹಲ್ಕ್’ 181. ವುಲ್ವರೀನ್ ಎಂಬ ನಾಯಕ ಮೊದಲ ಸಲ ಪೂರ್ತಿಯಾಗಿ ಕಾಣಿಸಿಕೊಳ್ಳುವುದು ಇಲ್ಲಿ. ಇದು ಖಂಡಿತ ವಿರಳವಲ್ಲ: ಸಿಜಿಸಿ ದರ್ಜೆ ಪಡೆದವೇ ಹತ್ತು ಸಾವಿರ ಮೀರಿವೆ. ಆದರೂ ಆ ದಶಕದ ದುಬಾರಿ ಸಂಚಿಕೆಗಳ ಸಾಲಿನಲ್ಲಿ ಅದಕ್ಕೆ ಮೊದಲ ಪಂಕ್ತಿಯ ಜಾಗ. ವುಲ್ವರೀನ್ ವಾಸ್ತವವಾಗಿ ಹಿಂದಿನ 180ನೇ ಸಂಚಿಕೆಯ ಕೊನೆಯ ಚಿತ್ರದಲ್ಲೇ ಇಣುಕಿದ್ದ; ಸಂಗ್ರಹಕಾರರು ಆ ಇಣುಕುನೋಟಕ್ಕೆ ಅಷ್ಟು ಮನ್ನಣೆ ಕೊಡಲಿಲ್ಲ. 180 ಎಷ್ಟೋ ಅಗ್ಗ. ಮಹತ್ವ ಎಂಬುದು ಜನರು ಕೂಡಿ ಒಪ್ಪಿಕೊಂಡ ತೀರ್ಮಾನ ಎಂದು ನಾನು ಹೇಳುವುದು ಇದಕ್ಕೇ. 181ರ ಒಳಪುಟದಲ್ಲೊಂದು ಚೀಟಿಯಿದೆ, ಮಾರ್ವೆಲ್ ವ್ಯಾಲ್ಯೂ ಸ್ಟ್ಯಾಂಪ್. ಕತ್ತರಿಸಿ ಅಂಟಿಸಿಕೊಳ್ಳಿ ಎಂದು ಪ್ರಕಾಶಕರೇ ಮಕ್ಕಳಿಗೆ ಹೇಳಿದ್ದರು. ಹೇಳಿದಂತೆ ಕತ್ತರಿಸಿದವರ ಪ್ರತಿಗಳು ಇಂದು ಅಪೂರ್ಣ. ಕೊಳ್ಳುವ ಮುಂಚೆ ಆ ಪುಟ ತಿರುವಲೇಬೇಕು.

ಇದರ ತದ್ವಿರುದ್ಧ 1991ರ ‘ಎಕ್ಸ್-ಮೆನ್’ ಮೊದಲ ಸಂಚಿಕೆ. ಐದು ಬಗೆಯ ಮುಖಪುಟ, 80 ಲಕ್ಷಕ್ಕೂ ಹೆಚ್ಚು ಪ್ರತಿ, ಗಿನ್ನೆಸ್ ದಾಖಲೆ. ಮುಂದೆ ಬೆಲೆ ಬರುತ್ತದೆಂದು ಜನ ಮುಟ್ಟದೆ ಕವರಿನಲ್ಲಿಟ್ಟರು. ಎಲ್ಲರೂ ಜೋಪಾನ ಮಾಡಿದ್ದರಿಂದ ಯಾವುದೂ ವಿರಳವಾಗಲಿಲ್ಲ. ಸಾಮಾನ್ಯ ಪ್ರತಿ ಇಂದಿಗೂ ಕೆಲವೇ ಡಾಲರಿಗೆ ಸಿಗುತ್ತದೆ. ಅದೇ 2003ರ ‘ವಾಕಿಂಗ್ ಡೆಡ್’ ಮೊದಲ ಸಂಚಿಕೆ ಅಚ್ಚಾದದ್ದು ಏಳು ಸಾವಿರ ಚಿಲ್ಲರೆ. ಕಪ್ಪು ಬಿಳುಪಿನ ಪುಸ್ತಕ, ಯಾರಿಗೂ ದೊಡ್ಡ ನಿರೀಕ್ಷೆಯಿರಲಿಲ್ಲ. 2010ರಲ್ಲಿ ಟಿವಿ ಧಾರಾವಾಹಿ ಶುರುವಾಯಿತು. ವಿರಳತೆ ಆಗಲೇ ಅಲ್ಲಿ ಕೂತಿತ್ತು, ಮಹತ್ವ ತಡವಾಗಿ ಬಂದು ಸೇರಿತು.

ಕೊಳ್ಳಬೇಕೆನ್ನುವವರು ಸಿಜಿಸಿ ಪ್ರಕಟಿಸುವ ಸೆನ್ಸಸ್ ಎಂಬ ಎಣಿಕೆಯನ್ನು ಎಚ್ಚರದಿಂದ ಓದಬೇಕು. ಯಾವ ಸಂಚಿಕೆಯ ಎಷ್ಟು ಪ್ರತಿ ಯಾವ ದರ್ಜೆಯಲ್ಲಿವೆ ಎಂಬ ಪಟ್ಟಿ ಅದು. ಹೊಸ ಪ್ರತಿಗಳು ಬಂದಹಾಗೆ ಅಂಕಿ ಏರುತ್ತದೆ. ಇವತ್ತು 9.8ರಲ್ಲಿ ಒಂದೇ ಇದೆಯೆಂದು ಮೈಮರೆತು ಕೊಟ್ಟ ಹಣ, ನಾಳೆ ಇನ್ನೂ ನಾಲ್ಕು ಬಂದರೆ ಕರಗುತ್ತದೆ. ಕೆಲವರು ಹೆಚ್ಚಿನ ಅಂಕದ ಆಸೆಗೆ ಸ್ಲ್ಯಾಬ್ ಒಡೆದು ಅದೇ ಪ್ರತಿಯನ್ನು ಮತ್ತೆ ಕಳಿಸುತ್ತಾರೆ. ಹಳೆಯ ಚೀಟಿ ಹಿಂದಿರುಗಿಸದಿದ್ದರೆ ಒಂದೇ ಪುಸ್ತಕ ಎರಡಾಗಿ ಲೆಕ್ಕಕ್ಕೆ ಬರುತ್ತದೆ.

ಇದಕ್ಕಿಂತ ದೊಡ್ಡ ತಪ್ಪು ಸಣ್ಣ ಅಂಕಿಯನ್ನು ವಿರಳತೆ ಎಂದು ಓದುವುದು. ಆಕ್ಷನ್ ಕಾಮಿಕ್ಸ್‌ನ ಮೊದಲ ಸಂಚಿಕೆ ಮಾರಲು ಹೊರಟವರು ದರ್ಜೆಯ ಶುಲ್ಕಕ್ಕೆ ಹಿಂಜರಿಯುವುದಿಲ್ಲ, ಹಾಗಾಗಿ ಅಲ್ಲಿನ ಎಣಿಕೆ ಬಹುಮಟ್ಟಿಗೆ ನಂಬಲರ್ಹ. 1980ರ ದಶಕದ ಯಾವುದೋ ಸಾಧಾರಣ ಸಂಚಿಕೆಗೆ ಪಟ್ಟಿಯಲ್ಲಿ ಮೂರೇ ಪ್ರತಿ ಇದ್ದರೆ, ಪುಸ್ತಕದ ಬೆಲೆಗಿಂತ ಹೆಚ್ಚಿನ ಶುಲ್ಕ ಕೊಟ್ಟು ಅದನ್ನು ಪರೀಕ್ಷೆಗೆ ಕಳಿಸಿದ್ದು ಮೂರು ಸಲ ಎಂದಷ್ಟೇ ಅದರ ಅರ್ಥ. ಹಾಗೆ ಕಳಿಸದ ಒಳ್ಳೆಯ ಪ್ರತಿಗಳು ಹಳೆಯ ಪುಸ್ತಕದಂಗಡಿಗಳ ಡಬ್ಬಗಳಲ್ಲಿ ಇನ್ನೆಷ್ಟೋ ಇರಬಹುದು.

ನಮಸ್ಕಾರ.