ಮಾರ್ಚ್ 26ರ ನೆನಪಿನ ಕಪ್, ಡಿಸೆಂಬರ್‌ನಲ್ಲಿ ಫೈನಲ್

(ದೃಶ್ಯ: ಭಾರತ–ಬಾಂಗ್ಲಾ ಗಡಿಯ ನಕ್ಷೆ. ಕೃಷ್ಣನಗರದ ಮೇಲೆ ಕೆಂಪು ಚುಕ್ಕೆ.)

ಎಲ್ಲರಿಗೂ ಕೋಲಾರದಿಂದ ನಮಸ್ಕಾರ.

1971ರ ಜುಲೈ. ಪಶ್ಚಿಮ ಬಂಗಾಳದ ನದಿಯಾ ಜಿಲ್ಲೆಯ ಕೃಷ್ಣನಗರ. ಮೈದಾನದ ಸುತ್ತ ಜನವೋ ಜನ. ನದಿಯಾ ಜಿಲ್ಲಾ ತಂಡ ಆಟಕ್ಕೆ ಸಿದ್ಧವಾಗಿದೆ. ಎದುರು ತಂಡದವರು ಮಾತ್ರ ಪಟ್ಟು ಹಿಡಿದು ನಿಂತಿದ್ದಾರೆ: ನಮ್ಮ ದೇಶದ ಬಾವುಟ ಹಾರದೆ ನಾವು ಆಡಲ್ಲ. ಕಷ್ಟ ಏನಂದ್ರೆ, ಆ ದೇಶಕ್ಕೆ ಆಗ ಭಾರತವೂ ಮಾನ್ಯತೆ ಕೊಟ್ಟಿರಲಿಲ್ಲ. ಅದು ಸಿಕ್ಕಿದ್ದು ಡಿಸೆಂಬರ್ 6ಕ್ಕೆ. ಕೊನೆಗೆ ಜಿಲ್ಲಾಧಿಕಾರಿ ಒಪ್ಪಿದರು. ಆಟಗಾರರು ಬಾವುಟ ಹಿಡಿದು ಮೈದಾನ ಸುತ್ತು ಬಂದರು. ಪಂದ್ಯ 2-2ಕ್ಕೆ ಡ್ರಾ ಆಯಿತು. ಒಪ್ಪಿಗೆ ಕೊಟ್ಟ ತಪ್ಪಿಗೆ ಆ ಅಧಿಕಾರಿ ಅಮಾನತಾದರು.

ಇವತ್ತಿನ ವಿಷಯ ಬಾಂಗ್ಲಾದೇಶದ ಇಂಡಿಪೆಂಡೆನ್ಸ್ ಕಪ್. ಅಲ್ಲಿನ ಕ್ಲಬ್‌ಗಳ ನಡುವೆ, ದೇಶದ ಸ್ವಾತಂತ್ರ್ಯದ ನೆನಪಿಗೆ ನಡೆಯೋ ಟೂರ್ನಿ. ಯಾರು ಗೆದ್ದರು, ಎಷ್ಟು ಗೋಲು ಅನ್ನೋದು ಆಮೇಲೆ. ಆ ಬಾವುಟ ಹಿಡಿದ ಹುಡುಗರು ಯಾರು ಅಂತ ಗೊತ್ತಾಗದೆ ಈ ಕಪ್‌ನ ತೂಕ ಗೊತ್ತಾಗಲ್ಲ.

(ದೃಶ್ಯ: ಹಳೆಯ ಕಪ್ಪು-ಬಿಳುಪು ಫೋಟೋಗಳು.)

1971ರ ಮಾರ್ಚ್ 25ರ ರಾತ್ರಿ ಢಾಕಾದಲ್ಲಿ ಪಾಕಿಸ್ತಾನದ ಸೇನೆ ಜನರ ಮೇಲೆ ಗುಂಡಿನ ಮಳೆ ಸುರಿಸಿತು. ಮರುದಿನ, ಮಾರ್ಚ್ 26, ಇವತ್ತಿಗೂ ಅವರ ಸ್ವಾತಂತ್ರ್ಯ ದಿನ. ಲಕ್ಷಾಂತರ ಜನ ಗಡಿ ದಾಟಿ ಭಾರತಕ್ಕೆ ಬಂದರು. ಅವರಲ್ಲಿ ಢಾಕಾ ಲೀಗಿನ ಫುಟ್‌ಬಾಲ್ ಆಟಗಾರರೂ ಇದ್ದರು. ಕೋಲ್ಕತ್ತದಲ್ಲಿ ಒಟ್ಟು ಸೇರಿ ಕಟ್ಟಿದ್ದೇ ಸ್ವಾಧೀನ್ ಬಾಂಗ್ಲಾ, ಅಂದರೆ ಸ್ವತಂತ್ರ ಬಾಂಗ್ಲಾ ತಂಡ. ಜಕಾರಿಯಾ ಪಿಂಟೂ ನಾಯಕ, ಪ್ರತಾಪ್ ಶಂಕರ್ ಹಾಜ್ರಾ ಉಪನಾಯಕ. ಹದಿಹರೆಯದ ಕಾಜಿ ಸಲಾವುದ್ದೀನ್ ಬೇರೆ ಹೆಸರಿಟ್ಟುಕೊಂಡು ಆಡಿದರು. ಇಲ್ಲಿ ಮಗ ಆಡ್ತಿದ್ದಾನೆ ಅಂತ ಗೊತ್ತಾದರೆ ಢಾಕಾದಲ್ಲಿರೋ ಮನೆಯವರ ಗತಿ ಏನು? ಮುಂದೆ ಇದೇ ಸಲಾವುದ್ದೀನ್ ಬಾಂಗ್ಲಾ ಫುಟ್‌ಬಾಲ್ ಫೆಡರೇಷನ್ನಿನ ಅಧ್ಯಕ್ಷರಾದರು.

ಭಾರತದ ಊರೂರು ಸುತ್ತಿ ಆಡಿದರು. ಟಿಕೆಟಿನ ದುಡ್ಡೆಲ್ಲ ಹೋರಾಟದ ನಿಧಿಗೆ. ಕೋಲ್ಕತ್ತದಲ್ಲಿ ಮೋಹನ್ ಬಾಗಾನ್ ಇವರ ಎದುರು ಆಡಲು ಮುಂದೆ ಬಂತು. ಆದರೆ ಮಾನ್ಯತೆ ಇಲ್ಲದ ದೇಶದ ತಂಡದ ಜೊತೆ ಆಡಿದರೆ ಕ್ಲಬ್ಬಿಗೆ ಶಿಕ್ಷೆ ಆಗೋ ಭಯ. ಅದಕ್ಕೇ ಬಾಗಾನ್ ಹೆಸರು ಬದಲಾಯಿಸಿ, ತನ್ನ ಹಳೆಯ ದಿಗ್ಗಜ ಗೋಷ್ಠ ಪಾಲ್ ಹೆಸರಿನ ತಂಡವಾಗಿ ಕಣಕ್ಕಿಳಿಯಿತು. ಮುಂಬೈಯಲ್ಲಿ ಎದುರಾಳಿ ತಂಡದಲ್ಲಿ ಆಡಿದ್ದು ಯಾರು ಗೊತ್ತಾ? ನಮ್ಮ ಕ್ರಿಕೆಟ್ ನಾಯಕರಾಗಿದ್ದ ಮನ್ಸೂರ್ ಅಲಿ ಖಾನ್ ಪಟೌಡಿ!

(ದೃಶ್ಯ: ಕಪ್ ಚಿತ್ರ, ಪಕ್ಕದಲ್ಲಿ 1972.)

ಡಿಸೆಂಬರ್ 16ಕ್ಕೆ ಯುದ್ಧ ಮುಗೀತು. 1972ರಲ್ಲೇ ಮೊದಲ ಇಂಡಿಪೆಂಡೆನ್ಸ್ ಕಪ್ ನಡೀತು, ಢಾಕಾದ ಮೊಹಮ್ಮಡನ್ ಗೆದ್ದಿತು. ಸೇತುವೆಗಳು ಮುರಿದು ಬಿದ್ದಿದ್ದವು, ಊರುಗಳು ಸುಟ್ಟಿದ್ದವು. ಅಂಥ ಹೊತ್ತಲ್ಲಿ ಕಪ್ ಆಡಿಸಿದರಲ್ಲ, ಅದಕ್ಕೆ ಕೈ ಮುಗೀಬೇಕು.

ಆಮೇಲೆ ಏನಾಯ್ತು? ಕಪ್ ಮತ್ತೆ ನಡೆದಿದ್ದು 1990ರಲ್ಲಿ. ನಡುವೆ ಹದಿನೆಂಟು ವರ್ಷ ಖಾಲಿ! 1991ರಲ್ಲೊಮ್ಮೆ, ಆಮೇಲೆ 2005ರಲ್ಲಿ. 2011ರ ನಂತರವೇ ಸ್ವಲ್ಪ ಲಯಕ್ಕೆ ಬಂದಿದ್ದು.

ಇದಕ್ಕೆ ಕಾರಣ ಕ್ಯಾಲೆಂಡರಿನಲ್ಲಿದೆ. ಕ್ಲಬ್‌ಗಳಿಗೆ ಲೀಗ್ ಮುಖ್ಯ. ಅದರ ಪಕ್ಕದಲ್ಲಿ 1980ರಿಂದ ಫೆಡರೇಷನ್ ಕಪ್ ಇದೆ, ಅದನ್ನು ಗೆದ್ದವರಿಗೆ ಏಷ್ಯಾ ಮಟ್ಟದ ಟೂರ್ನಿಯ ಬಾಗಿಲು ತೆರೆದದ್ದುಂಟು. ಇಂಡಿಪೆಂಡೆನ್ಸ್ ಕಪ್ ಗೆದ್ದರೆ ಗೌರವ ಸಿಗುತ್ತೆ, ಮುಂದಿನ ಮೆಟ್ಟಿಲು ಸಿಗಲ್ಲ. ಹಾಗಾಗಿ 2018ರ ಕೊನೆಯಿಂದ 2023ರವರೆಗೆ ಈ ಕಪ್‌ಗೆ ಉಳಿದದ್ದು ಸೀಸನ್ನಿನ ಶುರುವಿನ ಜಾಗ. ಗುಂಪು ಹಂತ, ನಾಕೌಟ್, ಫೈನಲ್ ಅಂತ ಸರಸರ ಮುಗಿಯುತ್ತೆ. ಕೋಚ್‌ಗಳಿಗೆ ಹೊಸ ಹುಡುಗರನ್ನ ಆಡಿಸಿ ನೋಡೋ ಅವಕಾಶ. ಹೀಗಾಗಿ ಮಾರ್ಚ್ 26ರ ನೆನಪಿನ ಕಪ್‌ಗೆ ಡಿಸೆಂಬರ್‌ನಲ್ಲಿ ಫೈನಲ್. 2018, 2021, 2022, 2023, ನಾಲ್ಕೂ ಸಲ ಡಿಸೆಂಬರ್.

2021ರದ್ದು ಮಾತ್ರ ವಿಶೇಷ. ಸ್ವಾತಂತ್ರ್ಯದ ಸುವರ್ಣ ವರ್ಷ. ಕ್ಲಬ್‌ಗಳ ಜೊತೆ ಸೇನೆ, ನೌಕಾಪಡೆ, ವಾಯುಪಡೆ ತಂಡಗಳೂ ಆಡಿದವು. ಡಿಸೆಂಬರ್ 18ಕ್ಕೆ, ವಿಜಯ ದಿನ ಕಳೆದು ಎರಡೇ ದಿನಕ್ಕೆ, ಢಾಕಾದ ಕಮಲಾಪುರ ಮೈದಾನದಲ್ಲಿ ಆಬಾಹನಿ ತಂಡ ಬಸುಂಧರಾ ಕಿಂಗ್ಸ್ ತಂಡವನ್ನು 3-0ಯಿಂದ ಸೋಲಿಸಿತು. ಆ ಮೈದಾನಕ್ಕಿರೋ ಹೆಸರು ಮುಸ್ತಫಾ ಕಮಾಲ್ ಅಂತ, 1971ರಲ್ಲಿ ಹುತಾತ್ಮನಾದ ಸಿಪಾಯಿಯದು. ಮುಂದಿನ ಎರಡು ಸಲ ಕಪ್ ಕಿಂಗ್ಸ್ ಪಾಲಾಯಿತು. ನನಗೆ ಇದಕ್ಕಿಂತ ಇಷ್ಟವಾದ ಫೈನಲ್ 2018ರ ಫೆಬ್ರವರಿಯದು (ಆ ವರ್ಷ ಎರಡು ಫೈನಲ್, ಇದು ಹಿಂದಿನ ಸೀಸನ್ನಿನದು): ಢಾಕಾದ ಸಣ್ಣ ಕ್ಲಬ್ ಆರಾಮ್‌ಬಾಗ್ 2-0ಯಿಂದ ಚಿತ್ತಗಾಂಗ್ ಆಬಾಹನಿಯನ್ನು ಮಣಿಸಿ ಕಪ್ ಎತ್ತಿತು. ದೊಡ್ಡವರು ಪೂರ್ತಿ ಕಣ್ಣಿಡದ ಟೂರ್ನಿಯಲ್ಲೇ ಚಿಕ್ಕವರಿಗೆ ಬಾಗಿಲು ತೆರೆಯೋದು.

(ದೃಶ್ಯ: ಕೆಜಿಎಫ್ ಮೈದಾನ, ಹಿಂದೆ ಸೈನೈಡ್ ಗುಡ್ಡ.)

ಕೋಲಾರದವರಿಗೆ ಇದೆಲ್ಲ ಯಾಕೆ ಅಂತೀರಾ? ಆಗಸ್ಟ್ 15 ಬಂದರೆ ನಮ್ಮಲ್ಲೂ ಸ್ವಾತಂತ್ರ್ಯೋತ್ಸವ ಕಪ್, ನವೆಂಬರ್ ಬಂದರೆ ರಾಜ್ಯೋತ್ಸವ ಕಪ್. ಬೆಳಿಗ್ಗೆ ಸುಣ್ಣದ ಪುಡಿಯಲ್ಲಿ ಗೆರೆ ಎಳೀತಾರೆ, ಶಾಮಿಯಾನದ ಕೆಳಗೆ ಟೇಬಲ್ ಹಾಕಿ ಕಪ್‌ಗಳನ್ನ ಜೋಡಿಸ್ತಾರೆ, ಹಿಡಿಗೆ ತ್ರಿವರ್ಣದ ರಿಬ್ಬನ್. ಮೈಕಿನವರು ದಾನಿಗಳ ಹೆಸರನ್ನೆಲ್ಲ ಓದ್ತಾರೆ. ಕೆಜಿಎಫ್‌ನಲ್ಲಂತೂ ಫುಟ್‌ಬಾಲ್ ಗಣಿ ಕಾರ್ಮಿಕರ ಮನೆಮನೆಯ ಆಟ. 2001ರಲ್ಲಿ ಗಣಿ ಮುಚ್ಚಿತು, ಜನ ಕೆಲಸಕ್ಕೆ ಬೆಂಗಳೂರಿನ ರೈಲು ಹತ್ತಿದರು. ಕಪ್ ಆಡಿಸೋಕೆ ಬಾವುಟ, ರಿಬ್ಬನ್ ಇದ್ದರೆ ಸಾಲದು. ಪ್ರತಿ ವರ್ಷ ಅದೇ ವಾರ ತಂಡ ಕಟ್ಟೋರು ಬೇಕು, ಮೈದಾನ ಬೇಕು. ಬಾಂಗ್ಲಾದಲ್ಲಿ ಹದಿನೆಂಟು ವರ್ಷ ಕಪ್ ನಿಂತಿದ್ದಾಗ ನಿಧಾನವಾಗಿ ಕಳೆದದ್ದು 1971ರ ಹುಡುಗರ ನೆನಪೇ.

ನನ್ನ ಮಟ್ಟಿಗೆ ಬಾಂಗ್ಲಾದವರು ಈ ಫೈನಲ್ಲನ್ನ ಮಾರ್ಚ್ 26ರ ವಾರಕ್ಕೆ ಕಟ್ಟಿಹಾಕಬೇಕು, ಲೀಗಿಗೆ ಒಂದು ವಾರ ರಜೆ ಕೊಟ್ಟಾದರೂ ಸರಿ. ಯಾಕಂದ್ರೆ ಅಲ್ಲಿ ಫುಟ್‌ಬಾಲ್ ಸ್ವಾತಂತ್ರ್ಯವನ್ನು ಆಚರಿಸಿದ್ದಷ್ಟೇ ಅಲ್ಲ, ಅದಕ್ಕಾಗಿ ದುಡಿದಿದೆ. 1973ರಲ್ಲಿ ಬಾಂಗ್ಲಾದೇಶ ತನ್ನ ಮೊದಲ ಅಂತರರಾಷ್ಟ್ರೀಯ ಪಂದ್ಯ ಆಡಿದ್ದು ಮಲೇಷ್ಯಾದ ಮೆರ್ಡೆಕಾ ಟೂರ್ನಿಯಲ್ಲಿ. ಅದೂ ಆ ದೇಶದ ಸ್ವಾತಂತ್ರ್ಯದ ನೆನಪಿಗೆ 1957ರಲ್ಲಿ ಶುರುವಾದದ್ದೇ. ಎದುರಾಳಿ ಥಾಯ್ಲೆಂಡ್, 2-2. ಆ ದಿನವೂ ನಾಯಕ ಪಿಂಟೂ. 2024ರ ನವೆಂಬರ್‌ನಲ್ಲಿ ಅವರು ತೀರಿಕೊಂಡರು.

ಮುಂದಿನ ವಿಡಿಯೋ ಕೆಜಿಎಫ್ ಗಣಿ ತಂಡಗಳ ಮೇಲೆ. ನಿಮ್ಮ ಅಪ್ಪ, ತಾತ, ದೊಡ್ಡಪ್ಪ ಯಾರಾದರೂ ಆಡಿದ್ದರೆ, ಮನೆಯಲ್ಲಿ ಹಳೆಯ ಫೋಟೋ, ಮೆಡಲ್ ಇದ್ದರೆ ನಮಗೆ ಕಳಿಸಿ. ಯಾವ ವರ್ಷ, ಯಾವ ಮೈದಾನ ಅಂತ ಹಿಂದೆ ಬರೆದಿದ್ದರೆ ಆ ಬದಿಯನ್ನೂ ಫೋಟೋ ತೆಗೀರಿ.